ಮುಂಗಡ ವೈದ್ಯಕೀಯ ನಿರ್ದೇಶನ: ಸಾರ್ವಜನಿಕರ ಮಾಹಿತಿಗಾಗಿ

ಗುಣವಾಗುವ ಭರವಸೆಯಿಲ್ಲದ ಕಾಯಿಲೆಯಿಂದ ಮಾತನಾಡುವ ಹಾಗೂ ತೀರ್ಮಾನ ಕೈಗೊಳ್ಳುವ ಶಕ್ತಿಯನ್ನು ಕಳೆದುಕೊಂಡಾಗ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ವ್ಯಕ್ತಿಯು ಮುಂಚಿತವಾಗಿ ಬರೆದಿಡುವ ದಾಖಲೆಯೇ ಮುಂಗಡ ವೈದ್ಯಕೀಯ ನಿರ್ದೇಶನ. ಇದನ್ನು ‘ಲಿವಿಂಗ್ ವಿಲ್’ ಎಂದೂ ಕರೆಯಲಾಗುತ್ತದೆ. ಆಸ್ತಿಯ ಉಯಿಲಿಗೂ ಇದಕ್ಕೂ ಸಂಬಂಧವಿಲ್ಲ. ಉಯಿಲು ಮರಣಾನಂತರ ಜಾರಿಗೆ ಬರುತ್ತದೆ. ಈ ದಾಖಲೆಯು ವ್ಯಕ್ತಿಯು ಜೀವಂತವಿರುವಾಗಲೇ ಉಪಯೋಗಕ್ಕೆ ಬರುತ್ತದೆ.

ಕಾನೂನಿನ ಹಿನ್ನೆಲೆ

ಸಂವಿಧಾನದ 21ನೇ ಅನುಚ್ಛೇದದ ಜೀವಿಸುವ ಹಕ್ಕಿನಲ್ಲಿ ಘನತೆಯಿಂದ ಮರಣ ಹೊಂದುವ ಹಕ್ಕೂ ಅಡಕವಾಗಿದೆಯೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ‘ಕಾಮನ್ ಕಾಸ್’ ಪ್ರಕರಣದಲ್ಲಿ 2018ರ ಮಾರ್ಚ್ 9ರಂದು ತೀರ್ಪು ನೀಡಿತು. ಆಗ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಗಳ ಮೇಲುಸಹಿಯು ಕಡ್ಡಾಯವಾಗಿತ್ತು. ಈ ಕ್ರಮವು ಜನಸಾಮಾನ್ಯರಿಗೆ ತೊಡಕಿನದಾಗಿದ್ದರಿಂದ 2023ರ ಜನವರಿ 24ರಂದು ನ್ಯಾಯಾಲಯವೇ ಅದನ್ನು ಸಡಿಲಿಸಿತು. ಕರ್ನಾಟಕದಲ್ಲಿ ಇದರ ಅನುಷ್ಠಾನಕ್ಕಾಗಿ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯು 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿದೆ.

ದಾಖಲೆಯನ್ನು ಸಿದ್ಧಪಡಿಸುವ ಕ್ರಮ

ಸ್ವಸ್ಥಚಿತ್ತರಾದ ಯಾವುದೇ ವಯಸ್ಕರು ಸ್ವಇಚ್ಛೆಯಿಂದ, ಯಾರ ಒತ್ತಾಯಕ್ಕೂ ಒಳಗಾಗದೆ, ಇದನ್ನು ಲಿಖಿತವಾಗಿ ಮಾಡಬಹುದು. ಇಬ್ಬರು ಸಾಕ್ಷಿಗಳ ಸಮಕ್ಷಮ ಸಹಿ ಮಾಡಿ, ನೋಟರಿ ಅಥವಾ ಪತ್ರಾಂಕಿತ ಅಧಿಕಾರಿಯಿಂದ ದೃಢೀಕರಿಸಿಕೊಳ್ಳತಕ್ಕದ್ದು. ‘ವ್ಯರ್ಥ ಚಿಕಿತ್ಸೆ ಬೇಡ’ ಎಂಬಂಥ ಅಸ್ಪಷ್ಟ ವಾಕ್ಯದಿಂದ ಪ್ರಯೋಜನವಾಗದು. ವೆಂಟಿಲೇಟರ್, ಡಯಾಲಿಸಿಸ್, ನಳಿಕೆಯ ಮೂಲಕ ಆಹಾರ ಮುಂತಾದವುಗಳನ್ನು ಯಾವ ಸ್ಥಿತಿಯಲ್ಲಿ ನಿರಾಕರಿಸಲಾಗಿದೆ ಎಂಬುದನ್ನು ಸ್ಪಷ್ಟವಾಗಿ ನಮೂದಿಸುವುದು ಅಗತ್ಯ. ನಿರ್ದೇಶನವು ಸ್ಪಷ್ಟವಾಗಿಲ್ಲದಿದ್ದಲ್ಲಿ ವೈದ್ಯಕೀಯ ಮಂಡಳಿಯು ಅದನ್ನು ಜಾರಿಗೊಳಿಸುವುದಿಲ್ಲ.

ತಮ್ಮ ಪರವಾಗಿ ಸಮ್ಮತಿ ನೀಡಬಲ್ಲ ಪೋಷಕರ ಅಥವಾ ನಿಕಟ ಬಂಧುಗಳ ಹೆಸರನ್ನೂ ದಾಖಲೆಯಲ್ಲಿ ಸೂಚಿಸತಕ್ಕದ್ದು. ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಹೆಸರಿಸಬಹುದು. ಹಿರಿಯ ಮಗನೆಂಬ ಕಾರಣಕ್ಕೇ ಒಬ್ಬರನ್ನು ಆರಿಸುವುದು ರೂಢಿಯಲ್ಲಿರಬಹುದು. ಆದರೆ ದೂರದ ಊರಿನಲ್ಲಿರುವವರಿಗಿಂತ ತುರ್ತಿನಲ್ಲಿ ಆಸ್ಪತ್ರೆಗೆ ಬರಬಲ್ಲ, ತಮ್ಮ ಇಷ್ಟಕ್ಕಿಂತ ರೋಗಿಯ ಇಚ್ಛೆಯನ್ನು ಮುಂದಿಡಬಲ್ಲ ವ್ಯಕ್ತಿಯೇ ಹೆಚ್ಚು ಸೂಕ್ತ. ಹೆಸರಿಸುವ ಮೊದಲು ಅವರೊಡನೆ ಮಾತನಾಡಿರಬೇಕು. ಮನೆಯವರಿಗೆ ತಿಳಿಯದೆ ಬೀರುವಿನಲ್ಲಿ ಉಳಿದ ಪತ್ರವು ತೀವ್ರ ನಿಗಾ ಘಟಕದ ಬಾಗಿಲಲ್ಲಿ ಯಾರ ಕೈಗೂ ಸಿಗುವುದಿಲ್ಲ. ಆಗ, ಒಬ್ಬ ಮಗಳು ಬೇಡವೆಂದೂ ಇನ್ನೊಬ್ಬಳು ಬೇಕೆಂದೂ ಹೇಳುವ ಪರಿಸ್ಥಿತಿ ಒದಗಬಹುದು.

ಪ್ರತಿಗಳನ್ನು ಹೆಸರಿಸಲಾದ ವ್ಯಕ್ತಿಗಳಿಗೆ, ಕುಟುಂಬ ವೈದ್ಯರಿದ್ದಲ್ಲಿ ಅವರಿಗೆ, ಹಾಗೂ ಪಂಚಾಯಿತಿ, ಪುರಸಭೆ ಅಥವಾ ಮಹಾನಗರ ಪಾಲಿಕೆಯ ಸಕ್ಷಮ ಅಧಿಕಾರಿಗೆ ಒಪ್ಪಿಸತಕ್ಕದ್ದು. ಸಲ್ಲಿಸಿದ್ದಕ್ಕೆ ಸ್ವೀಕೃತಿ ಪಡೆದಿಟ್ಟುಕೊಳ್ಳುವುದು ಒಳಿತು. ಡಿಜಿಟಲ್ ಆರೋಗ್ಯ ದಾಖಲೆಯಲ್ಲಿಯೂ ಇದನ್ನು ಸೇರಿಸಲು ಅವಕಾಶವಿದೆ.

ಆಸ್ಪತ್ರೆಯಲ್ಲಿ ಅನುಸರಿಸುವ ವಿಧಾನ

ಚಿಕಿತ್ಸೆ ನೀಡುತ್ತಿರುವ ವೈದ್ಯರು ಮೊದಲು ದಾಖಲೆಯ ನೈಜತೆಯನ್ನು ಪರಿಶೀಲಿಸುತ್ತಾರೆ. ತರುವಾಯ ಅವರೂ, ಕನಿಷ್ಠ 5 ವರ್ಷಗಳ ಅನುಭವವುಳ್ಳ ಇಬ್ಬರು ತಜ್ಞರೂ ಇರುವ ಪ್ರಾಥಮಿಕ ಮಂಡಳಿಯು ಅಭಿಪ್ರಾಯ ನೀಡುತ್ತದೆ. ಅದನ್ನು ದ್ವಿತೀಯ ಮಂಡಳಿಯು ಮತ್ತೊಮ್ಮೆ ಪರಿಶೀಲಿಸುತ್ತದೆ. ಈ ಮಂಡಳಿಯಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಗಳು ನಾಮನಿರ್ದೇಶನ ಮಾಡಿದ ವೈದ್ಯರೊಬ್ಬರು ಇರುತ್ತಾರೆ. ಎರಡೂ ಮಂಡಳಿಗಳು ಸಾಧ್ಯವಾದಷ್ಟೂ ತಲಾ 48 ಗಂಟೆಗಳೊಳಗೆ ನಿರ್ಣಯ ತಿಳಿಸುವುದು ಅಪೇಕ್ಷಣೀಯ. ಹೆಸರಿಸಲಾದ ವ್ಯಕ್ತಿಗಳ ಸಮ್ಮತಿ ಪಡೆದು, ನಿರ್ಣಯವನ್ನು ದಂಡಾಧಿಕಾರಿಗಳಿಗೆ ತಿಳಿಸಿದ ನಂತರವೇ ಚಿಕಿತ್ಸೆಯನ್ನು ಹಿಂಪಡೆಯಲಾಗುತ್ತದೆ. ಮಂಡಳಿಯು ಒಪ್ಪದಿದ್ದಲ್ಲಿ ಉಚ್ಚ ನ್ಯಾಯಾಲಯದ ಮೊರೆ ಹೋಗಬಹುದು.

ಜೀವಾಧಾರಕ ಚಿಕಿತ್ಸೆಯನ್ನು ನಿಲ್ಲಿಸುವುದೆಂದರೆ ಆರೈಕೆಯನ್ನು ನಿಲ್ಲಿಸುವುದಲ್ಲ. ನೋವು, ಉಸಿರುಕಟ್ಟುವಿಕೆಗಳನ್ನು ತಗ್ಗಿಸುವ ಉಪಶಾಮಕ ಆರೈಕೆಯು ಮುಂದುವರಿಯುತ್ತದೆ. ಚುಚ್ಚುಮದ್ದು ಇತ್ಯಾದಿಗಳಿಂದ ಮರಣವನ್ನು ಉಂಟುಮಾಡುವುದು ಭಾರತದಲ್ಲಿ ಅಪರಾಧವಾಗಿದ್ದು, ಅಂಥ ಕೋರಿಕೆಯನ್ನು ಈ ದಾಖಲೆಯಲ್ಲಿ ಬರೆದರೂ ಅದಕ್ಕೆ ಮಾನ್ಯತೆಯಿಲ್ಲ.

ನಿರ್ದೇಶನ ಮಾಡದಿರುವವರ ವಿಷಯದಲ್ಲಿ ನಿಕಟ ಬಂಧುಗಳ ಸಮ್ಮತಿಯ ಮೇರೆಗೆ ಇವೇ ಮಂಡಳಿಗಳು ತೀರ್ಮಾನಿಸುತ್ತವೆ. ವ್ಯತ್ಯಾಸವಿಷ್ಟೆ: ರೋಗಿಯು ಏನನ್ನು ಬಯಸುತ್ತಿದ್ದರೆಂಬುದನ್ನು ಬಂಧುಗಳು ಊಹಿಸಬೇಕಾಗುತ್ತದೆ.

ಬದಲಾವಣೆ ಮತ್ತು ರದ್ದತಿ

ಸ್ವಸ್ಥಚಿತ್ತರಾಗಿರುವವರೆಗೆ ಯಾವಾಗ ಬೇಕಾದರೂ ನಿರ್ದೇಶನವನ್ನು ಲಿಖಿತವಾಗಿ ಬದಲಾಯಿಸಬಹುದು ಅಥವಾ ರದ್ದುಪಡಿಸಬಹುದು. ಒಂದಕ್ಕಿಂತ ಹೆಚ್ಚು ದಾಖಲೆಗಳಿದ್ದಲ್ಲಿ ಕೊನೆಯದಾಗಿ ಸಹಿ ಮಾಡಿದ್ದೇ ಊರ್ಜಿತ. ಆದ್ದರಿಂದ ಹಳೆಯ ಪ್ರತಿಗಳನ್ನು ಹಿಂಪಡೆಯಬೇಕು. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ ಅಡಿಯಲ್ಲಿ ಮಾಡುವ ಮುಂಗಡ ನಿರ್ದೇಶನವು ಮಾನಸಿಕ ಕಾಯಿಲೆಯ ಚಿಕಿತ್ಸೆಗೆ ಮಾತ್ರ ಸಂಬಂಧಿಸಿದ್ದು, ಅದನ್ನು ಪ್ರತ್ಯೇಕವಾಗಿಯೇ ಮಾಡತಕ್ಕದ್ದು.