ಬರೆಯದ ಪಾಕಶಾಸ್ತ್ರ: ತುಂಗಾ-ಭದ್ರೆಯರ ಮೇಲ್ನಾಡಿನ ಮೀನಡಿಗೆ

ಅಡಿಗೆಯನ್ನು ಶಾಸ್ತ್ರವೆಂದು ತಿಳಿದು ಗ್ರಂಥ ರಚಿಸಿದವರು ಕನ್ನಡ ನಾಡಿನಲ್ಲಿ ವಿರಳರಲ್ಲ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ಪಾಕವಿಷಯಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. 1508ರ ಸುಮಾರಿನಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದನು. ಮಲೆನಾಡನ್ನು ಆಳಿದ ಕೆಳದಿಯ ಅರಸರಲ್ಲಿ ಬಸವಪ್ಪನಾಯಕನು 1709ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವೆಂಬ ವಿಶ್ವಕೋಶದಲ್ಲಿಯೂ ಅಡಿಗೆಯ ಪ್ರಕರಣವುಂಟು. ಈ ಮೂರರಲ್ಲಿಯೂ ಮೀನಿಗೆ ಎಡೆಯಿಲ್ಲ. ಮೂರೂ ಶಾಕಾಹಾರದ ಪಾಕವನ್ನೇ ಹೇಳುತ್ತವೆ. ಮಂಗರಸನು ಜೈನ, ಬಸವಪ್ಪನಾಯಕನು ವೀರಶೈವ. ತಮ್ಮ ಎಲೆಗೆ ಬಂದುದನ್ನು ಅವರು ಬರೆದರು. ಅದಕ್ಕಾಗಿ ಅವರನ್ನು ಆಕ್ಷೇಪಿಸುವಂತಿಲ್ಲ. ಆದರೆ ಈ ಗ್ರಂಥಗಳನ್ನು ಮಾತ್ರ ಓದಿ ನಾಡಿನ ಊಟದ ಚರಿತ್ರೆಯನ್ನು ಬರೆಯಹೊರಟವನು, ಇಷ್ಟು ಹೊಳೆಗಳಿರುವ ದೇಶದಲ್ಲಿ ಮೀನು ತಿನ್ನುವವರೇ ಇರಲಿಲ್ಲವೆಂಬ ನಿರ್ಣಯಕ್ಕೆ ಬರಬೇಕಾದೀತು. ಜೂನ್ ತಿಂಗಳ ಒಂದು ಸಂಜೆ ಕೊಪ್ಪದ ಕಡೆಯ ಯಾವುದಾದರೂ ಗೌಡರ ಮನೆಯ ಅಡಿಗೆಮನೆಗೆ ಹೋದರೆ ಆ ನಿರ್ಣಯ ಹೊಸ್ತಿಲಲ್ಲಿಯೇ ಬಿದ್ದುಹೋಗುತ್ತದೆ.

ನಾವು ಇಲ್ಲಿ ವಿಚಾರಿಸಲು ಆರಿಸಿಕೊಂಡಿರುವ ಪ್ರದೇಶ ಚಿಕ್ಕದು: ಬಾಳಗಡಿಯ ಸುತ್ತಿನ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರದ ಸೀಮೆಗಳು. ಗಂಗಾಮೂಲದಲ್ಲಿ ಒಂದೇ ಬೆಟ್ಟದ ಮಗ್ಗುಲಲ್ಲಿ ಹುಟ್ಟಿದ ತುಂಗೆ, ಭದ್ರೆಯರು ಇಲ್ಲಿ ಬೇರೆ ಬೇರೆ ದಾರಿ ಹಿಡಿಯುತ್ತಾರೆ. ತುಂಗೆ ಶೃಂಗೇರಿ, ಹರಿಹರಪುರಗಳನ್ನು ತೊಳೆದು ತೀರ್ಥಹಳ್ಳಿಯತ್ತ ಹರಿದರೆ, ಭದ್ರೆ ಕಳಸ, ಬಾಳೆಹೊನ್ನೂರುಗಳನ್ನು ದಾಟಿ ನರಸಿಂಹರಾಜಪುರದ ಕಡೆಗೆ ಹೊರಳುತ್ತಾಳೆ. ಎರಡು ಹೊಳೆಗಳ ನಡುವೆ ಗದ್ದೆ, ಅಡಿಕೆಯ ತೋಟ, ಲೆಕ್ಕವಿಲ್ಲದಷ್ಟು ಹಳ್ಳಗಳು. ಮೀನಿಗೂ ಮನುಷ್ಯನಿಗೂ ಸಂಬಂಧ ಬೆಳೆಯಲು ಇದಕ್ಕಿಂತ ತಕ್ಕ ನೆಲ ಬೇಕಿಲ್ಲ.

ಬರೆವಣಿಗೆಯ ಪರಂಪರೆಯಲ್ಲಿ ಒಂದು ದೊಡ್ಡ ಅಪವಾದವುಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಸುಮಾರು 1130ರ ಕೃತಿ. ಅದರ ಅನ್ನಭೋಗ ಪ್ರಕರಣದಲ್ಲಿ ಮೀನಿನ ಪಾಕವೂ, ಮತ್ಸ್ಯವಿನೋದವೆಂಬ ಭಾಗದಲ್ಲಿ ಕಡಲಿನ ಮತ್ತು ಸಿಹಿನೀರಿನ ಮೀನುಗಳ ಜಾತಿಗಳು, ಅವುಗಳಿಗೆ ಹಾಕುವ ಇರೆ, ಗಾಳದ ದಾರ ಮತ್ತು ಕೋಲುಗಳ ವಿವರವೂ ಬಂದಿವೆ. ಮೀನನ್ನು ತುಂಡುಮಾಡಿ ತೊಳೆದು, ಹುಣಿಸೆಯ ರಸದಲ್ಲಿ ಬೇಯಿಸಿ, ಗೋದಿಯ ಹಿಟ್ಟು ಸವರಿ ಕಾದ ಎಣ್ಣೆಯಲ್ಲಿ ಕೆಂಪಗೆ ಕರಿದು, ಸೈಂಧವಲವಣ, ಏಲಕ್ಕಿ, ಮೆಣಸುಗಳ ಪುಡಿಯನ್ನು ಉದುರಿಸಬೇಕೆಂದು ಅರಸನು ಹೇಳುತ್ತಾನೆ. ಇಲ್ಲಿ ಮೆಣಸೆಂದರೆ ಕಾಳುಮೆಣಸು. ಇಂದು ನಾವು ಮೀನಿನ ಸಾರೆಂದೊಡನೆ ಕಣ್ಣಮುಂದೆ ತಂದುಕೊಳ್ಳುವ ಕೆಂಪು ಬಣ್ಣ ಅಮೆರಿಕ ಖಂಡದ ಮೆಣಸಿನಕಾಯಿಯ ಕೊಡುಗೆ. ಅದು 1492ರ ಅನಂತರ ಹಡಗು ಹತ್ತಿ, ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ನಮ್ಮ ಪಶ್ಚಿಮ ತೀರದಲ್ಲಿ ಇಳಿಯಿತು. ಹೀಗಾಗಿ ಮಲೆನಾಡಿನ ಮೀನಿನ ಸಾರು ಎಷ್ಟೇ ಪುರಾತನವೆಂದರೂ ಅದರ ಖಾರ ಐನೂರು ವರ್ಷಗಳಿಗಿಂತ ಹಿಂದಿನದಲ್ಲ. ಆದರೆ ಅದರ ಹುಳಿ ಹಳೆಯದು. ಚರಿತ್ರೆಯ ದಾರಿಯನ್ನು ಹಿಡಿಯುವುದಾದರೆ ಹುಳಿಯ ಜಾಡನ್ನೇ ಹಿಡಿಯಬೇಕೆಂಬುದು ನಮ್ಮ ಅಭಿಪ್ರಾಯ.

ಮೀನಿಗೂ ಹುಳಿಗೂ ಇರುವ ನಂಟು ನಾಲಗೆಯ ಚಪಲದಿಂದ ಮಾತ್ರ ಹುಟ್ಟಿದುದಲ್ಲ. ಕಡಲಮೀನಿನ ವಾಸನೆಗೆ ಕಾರಣವಾದ ಕ್ಷಾರದ್ರವ್ಯಗಳು ಆಮ್ಲದೊಡನೆ ಕೂಡಿ ಹಾರಿಹೋಗುವ ಗುಣವನ್ನು ಕಳೆದುಕೊಳ್ಳುತ್ತವೆ. ಹೊಳೆ, ಕೆರೆಗಳ ಮೀನಿನ ಕೆಸರುವಾಸನೆಯೂ ಆಮ್ಲಕ್ಕೆ ಮುರಿಯುತ್ತದೆ. ರಸಾಯನಶಾಸ್ತ್ರ ಇದನ್ನು ವಿವರಿಸುವ ಎಷ್ಟೋ ಕಾಲಕ್ಕೆ ಮೊದಲೇ ಎಲ್ಲ ದೇಶಗಳ ಅಡಿಗೆಯವರೂ ಇದನ್ನು ಬಲ್ಲವರಾಗಿದ್ದರು. ಭೇದವಿರುವುದು ಹುಳಿ ಯಾವ ಮರದಿಂದ ಬರುತ್ತದೆ ಎಂಬುದರಲ್ಲಿ. ಕೊಡಗಿನವರಿಗೆ ಕಾಚಂಪುಳಿ, ಕರಾವಳಿಯವರಿಗೆ ಹುಣಿಸೆ, ಬಿಂಬುಳಿ. ನಮ್ಮ ಮೇಲ್ನಾಡಿನಲ್ಲಿ ವಾಟೆಯ ಹುಳಿ. ವಾಟೆಯ ಕಾಯನ್ನು ಹೆಚ್ಚಿ ಬಿಸಿಲಿಗೆ ಒಣಗಿಸಿ ಮಳೆಗಾಲಕ್ಕೆಂದು ಮೊದಲೇ ಕಟ್ಟಿಡುವುದು ಇಲ್ಲಿಯ ಹೆಂಗಸರ ಬೇಸಗೆಯ ಕೆಲಸಗಳಲ್ಲೊಂದು. ಮೀನು ಬರುವ ಮುನ್ನವೇ ಅದರ ಹುಳಿ ಮನೆಗೆ ಬಂದಿರುತ್ತದೆ!

ಇದೇ ಪ್ರದೇಶದಲ್ಲಿ ಇನ್ನೊಂದು ಹುಳಿಯ ಕಥೆಯೂ ನಡೆದಿದೆ. ಮಲೆನಾಡಿನ ಕಾಡುಗಳಲ್ಲಿ ಬೆಳೆಯುವ ಉಪ್ಪಾಗೆಯ ಬೀಜದಿಂದ ತುಪ್ಪ ತೆಗೆಯುವುದನ್ನು ಇಲ್ಲಿಯವರು ಬಹುಕಾಲದಿಂದ ಬಲ್ಲರು. ಕಳೆದ ಶತಮಾನದ ನಡುಭಾಗದಿಂದೀಚೆಗೆ ಕೇರಳದ ಸಿರಿಯನ್ ಕ್ರೈಸ್ತ ಬೇಸಾಯಗಾರರು ನರಸಿಂಹರಾಜಪುರ, ಬಾಳೆಹೊನ್ನೂರುಗಳ ಕಡೆಗೆ ಬಂದು ನೆಲಸಿದರು. ಅವರಿಗೆ ಅದೇ ಮರದ ಹಣ್ಣಿನ ಸಿಪ್ಪೆ, ಹೊಗೆಯಲ್ಲಿ ಕಪ್ಪಾಗಿ ಒಣಗಿದುದು, ಮೀನಿನ ಸಾರಿನ ಪ್ರಾಣ. ಒಂದೇ ಮರ ಒಂದು ಮನೆಯಲ್ಲಿ ತುಪ್ಪದ ಭರಣಿಗೂ ನೆರೆಯ ಮನೆಯಲ್ಲಿ ಮೀನಿನ ಮಡಕೆಗೂ ಸೇರಿತು. ಇಂಥ ಸಂಗತಿ ಶಾಸನದಲ್ಲಿ ಸಿಕ್ಕುವುದಿಲ್ಲ.

ಈಗ ಮೀನಿನ ಕಡೆಗೆ ತಿರುಗೋಣ. ಮೃಗಶಿರೆ, ಆರಿದ್ರೆಯ ಮಳೆಗಳು ಹಿಡಿದು ಹೊಸನೀರು ಇಳಿದೊಡನೆ, ಹೊಳೆಯ ಮೀನುಗಳು ಹಳ್ಳಗಳ ಮೂಲಕ ಎದುರುನೀರನ್ನು ಸೀಳಿಕೊಂಡು ಗದ್ದೆಗಳತ್ತ ಏರಿ ಬರುತ್ತವೆ. ಇದನ್ನೇ ಮಲೆನಾಡಿನವರು ಹತ್ತುಮೀನು ಎನ್ನುತ್ತಾರೆ. ಗದ್ದೆಯ ತೆಳುನೀರು ಬೆಚ್ಚಗಿರುತ್ತದೆ. ಮರಿಗಳಿಗೆ ಆಹಾರ ಹೇರಳ. ದೊಡ್ಡ ಮೀನುಗಳ ಬಾಧೆ ಕಡಮೆ. ಮೊಟ್ಟೆಯಿಡಲು ತಾಯಿಮೀನು ಆರಿಸುವ ತೊಟ್ಟಿಲು ಅದು. ಆ ದಾರಿಗೆ ಅಡ್ಡಲಾಗಿ ಬಿದಿರಿನ ಕೂಣಿಯನ್ನು ಒಡ್ಡಿ, ರಾತ್ರಿ ದೊಂದಿ ಹಿಡಿದು ಕಾದು ಕುಳಿತವರ ನೆನಪುಗಳು ಈ ಸೀಮೆಯ ಪ್ರತಿ ಮನೆಯಲ್ಲಿಯೂ ಇವೆ. ಅದೇ ದಿನಗಳಲ್ಲಿ ಗದ್ದೆಯ ಬದುಗಳಲ್ಲಿ ಏಡಿ, ಬಿದಿರುಮೆಳೆಗಳಲ್ಲಿ ಕಳಲೆ. ಪಶ್ಚಿಮದ ಕಡಲಿನಲ್ಲಿ ಅದು ಬಲೆ ಇಳಿಯದ ಕಾಲ. ಈಗಲೂ ಕರ್ನಾಟಕದ ತೀರದಲ್ಲಿ ಜೂನ್, ಜುಲೈ ತಿಂಗಳುಗಳಲ್ಲಿ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಘಟ್ಟದ ಕೆಳಗೆ ಹಸಿಮೀನು ಮುಗಿದಾಗ ಘಟ್ಟದ ಮೇಲೆ ಆರಂಭವಾಗುತ್ತದೆ. ಉಳಿದ ತಿಂಗಳುಗಳಲ್ಲಿ ವ್ಯಾಪಾರದ ಮುಖ ತಿರುಗಿ, ಆಗುಂಬೆಯ ಘಟ್ಟವನ್ನೇರಿ ಕರಾವಳಿಯ ಒಣಮೀನು, ಸೀಗಡಿ ಇಲ್ಲಿಯ ಸಂತೆಗಳಿಗೆ ಬರುತ್ತವೆ.

ಬಾಳಗಡಿಯ ಕಡೆಯ ಒಂದು ಮನೆಯಲ್ಲಿ ನಾವು ಮೀನಿನ ಸಾರು, ಕಡುಬುಗಳನ್ನು ಉಂಡು, ಮಾಡಿದ ಹಿರಿಯಾಕೆಯನ್ನು ಅಳತೆಗಳನ್ನು ತಿಳಿಸಬೇಕೆಂದು ಕೇಳಿದೆವು. ಲೇಖನಿ ಹಿಡಿದು ಕುಳಿತ ನಮ್ಮನ್ನು ನೋಡಿ ಅವರಿಗೆ ನಗು ಬಂದಿತು. ಮೀನನ್ನು ಬೂದಿಯಲ್ಲಿ ಉಜ್ಜಿ ತೊಳೆಯಬೇಕು. ಮಸಾಲೆ, ಹುಳಿ ಚೆನ್ನಾಗಿ ಕುದಿದ ಮೇಲೆಯೇ ಮೀನನ್ನು ಬಿಡಬೇಕು. ಬಿಟ್ಟ ಮೇಲೆ ಸೌಟು ಹಾಕದೆ ಮಡಕೆಯನ್ನೇ ಹಿಡಿದು ಅಲುಗಿಸಬೇಕು. ಅಂದಿನ ಸಾರಿಗಿಂತ ಮರುದಿನದ ಸಾರು ಲೇಸು. ಅಳತೆಯೆಂದರೆ ಇಷ್ಟೇ. ಹುಳಿ ಎಷ್ಟೆಂಬುದು ಮೀನು ಯಾವುದೆಂಬುದರ ಮೇಲೆ: ಕೊರವಕ್ಕೆ ಒಂದು, ಚೇಳುಮೀನಿಗೆ ಇನ್ನೊಂದು. ಮಡಕೆ ಮಣ್ಣಿನದೇ ಆಗಬೇಕೆಂಬ ಅವರ ಹಟವನ್ನು ನಾವು ಮೊದಲು ರೂಢಿಯ ಮಾತೆಂದು ತಿಳಿದೆವು. ಆದರೆ ಹುಳಿ ತಾಮ್ರವನ್ನೂ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ, ಮಣ್ಣನ್ನು ತಿನ್ನುವುದಿಲ್ಲ. ರಾತ್ರಿಯೆಲ್ಲ ಇಡಬೇಕಾದ ಸಾರಿಗೆ ಬೇರೆ ಪಾತ್ರೆ ಒಗ್ಗದು. ಮಂಗರಸನಿಗೆ ಕಡಮೆಯಲ್ಲದ ಶಾಸ್ತ್ರ ಇದು, ಷಟ್ಪದಿಯೊಂದಿಲ್ಲ.

ಈ ನಾಡಿನಲ್ಲಿಯೇ ಮೀನನ್ನು ತಿನ್ನದಿರುವುದರ ಚರಿತ್ರೆಯೂ ಉಂಟೆಂಬುದನ್ನು ಮರೆಯಲಾಗದು. ಶೃಂಗೇರಿಯಲ್ಲಿ ಮಠದ ಸೋಪಾನಗಳ ಬಳಿ ತುಂಗೆಯ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ; ಯಾತ್ರಿಕರು ಎಸೆವ ಮಂಡಕ್ಕಿಗೆ ಅವು ಗುಂಪುಗುಂಪಾಗಿ ಮೇಲೇಳುತ್ತವೆ. ಪ್ರಸವವೇದನೆಯ ಕಪ್ಪೆಗೆ ಹಾವು ಹೆಡೆಯ ನೆರಳಿತ್ತ ಐತಿಹ್ಯವಿರುವ ಕ್ಷೇತ್ರದಲ್ಲಿ ಇದು ಸಹಜವೇ. ತುಸು ಕೆಳಗೆ ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯಲ್ಲಿಯೂ ಇಂಥ ಮತ್ಸ್ಯಧಾಮವಿದೆ. ಭಕ್ತಿ ಕಾಪಾಡಿದ ಈ ಮಡುಗಳು ಹೊಳೆಗೆಲ್ಲ ಬೀಜದ ಕಣಜಗಳಾಗಿವೆಯೆಂದು ನಾವು ಭಾವಿಸುತ್ತೇವೆ. ಮಡುವಿನಲ್ಲಿ ಉಳಿದ ಮೀನಲ್ಲವೆ ಹಳ್ಳವನ್ನು ಹತ್ತುವುದು? ತಿನ್ನುವವನಿಗೂ ತಿನ್ನದವನಿಗೂ ನಡುವೆ ಮಾತಿಲ್ಲದ ಒಂದು ಒಪ್ಪಂದ ಹೀಗೆ ನಡೆದುಬಂದಿತ್ತು.

ಧರ್ಮದ ಕಟ್ಟಳೆ ಮೀನಿನ ಅಡಿಗೆಯನ್ನು ತಿದ್ದಿದ ಉದಾಹರಣೆಗಳು ಲೋಕದಲ್ಲಿ ಬೇಕಾದಷ್ಟಿವೆ. ಮಧ್ಯಯುಗದ ಯೂರೋಪಿನಲ್ಲಿ ಮಾಂಸ ವರ್ಜ್ಯವಾದ ಉಪವಾಸದ ದಿನಗಳು ಉಪ್ಪುಮೀನಿನ ದೊಡ್ಡ ವ್ಯಾಪಾರವನ್ನೇ ಬೆಳೆಸಿದವು. ಜಪಾನಿನಲ್ಲಿ 675ರಲ್ಲಿ ಟೆನ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ನಿಷೇಧಿಸಿ ಮೀನನ್ನು ಬಿಟ್ಟನು. ಆ ದೇಶದ ಬಿವಾ ಸರೋವರದ ತೀರದವರು ನಮಗೆ ಇನ್ನೂ ಹತ್ತಿರದ ಬಂಧುಗಳು. ಅಲ್ಲಿಯೂ ಮಳೆಗಾಲದಲ್ಲಿ ಸರೋವರದ ಮೀನು ಕಾಲುವೆಗಳನ್ನೇರಿ ಭತ್ತದ ಗದ್ದೆಗೆ ಬಂದು ಮೊಟ್ಟೆಯಿಡುತ್ತದೆ. ಆ ಜಾತಿಯ ಮೀನನ್ನು ಉಪ್ಪಿನಲ್ಲಿಟ್ಟು, ಬಳಿಕ ಅನ್ನದೊಡನೆ ಪದರಪದರವಾಗಿ ಅಡಕಿ, ತಿಂಗಳುಗಟ್ಟಲೆ ಹುಳಿಯೇರಿಸಿ ‘ಫುನಾಜುಶಿ’ಯನ್ನು ಸಿದ್ಧಪಡಿಸುತ್ತಾರೆ. ನಮ್ಮವರು ಹುಳಿಯನ್ನು ಮರದಿಂದ ತಂದರೆ ಅವರು ಅನ್ನದಿಂದಲೇ ಹುಟ್ಟಿಸಿದರು. ಗದ್ದೆಯ ಸುಧಾರಣೆಗೆಂದು ಕಾಲುವೆಗಳನ್ನು ಆಳವಾಗಿ ತೋಡಿದಾಗ ಮೀನಿನ ದಾರಿ ಕಡಿಯಿತು. ಅದನ್ನು ಕಂಡ ಶಿಗಾ ಪ್ರಾಂತದವರು ಕಾಲುವೆಯಲ್ಲಿ ಮೆಟ್ಟಿಲುಮೆಟ್ಟಿಲಾಗಿ ಒಡ್ಡುಗಳನ್ನಿಟ್ಟು ಮೀನು ಮತ್ತೆ ಗದ್ದೆಗೇರುವಂತೆ ಮಾಡಿ, ಅಂಥ ಗದ್ದೆಯ ಅಕ್ಕಿಗೆ ‘ಮೀನಿನ ತೊಟ್ಟಿಲು’ ಎಂಬ ಹೆಸರಿಟ್ಟು ಮಾರುತ್ತಿದ್ದಾರೆ. 2022ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಬಿವಾ ಪ್ರದೇಶದ ಈ ವ್ಯವಸ್ಥೆಯನ್ನು ಜಾಗತಿಕ ಕೃಷಿ ಪರಂಪರೆಯೆಂದು ಮನ್ನಿಸಿತು.

ನಮ್ಮಲ್ಲಿ ದಾರಿ ಕಡಿದ ಬಗೆ ಬೇರೆ. ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟಿದ ಅಣೆಕಟ್ಟಿನಿಂದ ನೀರು ಹಿಂದೆ ಸರಿದು ನರಸಿಂಹರಾಜಪುರದವರೆಗೂ ನಿಂತಿತು. ತರೀಕೆರೆಯಿಂದ ಆ ಊರಿಗೆ ಬರುತ್ತಿದ್ದ ಕಿರುರೈಲಿನ ಹಾದಿಯೂ ಆ ನೀರಿಗೆ ಸಂದಿತು. ಹರಿವ ಹೊಳೆಯ ಮೀನಿನ ಜಾಗಕ್ಕೆ ನಿಂತ ನೀರಿಗೆ ಬಿತ್ತಿದ ಕಾಟ್ಲಾ, ರೋಹುಗಳು ಬಂದವು. ಸಂತೆಯಲ್ಲಿ ಮೀನಿಗೆ ಬರವಿಲ್ಲ, ಬಡವನಿಗೂ ಎಟುಕುತ್ತದೆ. ಇದನ್ನು ಸಣ್ಣ ಲಾಭವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಗದ್ದೆಗಳು ಅಡಿಕೆಯ ತೋಟಗಳಾದಂತೆ ಹತ್ತುಮೀನಿಗೆ ಹತ್ತಿ ಹೋಗಲು ಗದ್ದೆಯೇ ಇಲ್ಲವಾಗುತ್ತಿರುವುದು ಇನ್ನೊಂದು. ಕೂಣಿಯವರನ್ನೂ ನಾವು ಪೂರ್ತಿ ನಿರ್ದೋಷಿಗಳೆನ್ನಲಾರೆವು. ಬಸುರಿಮೀನನ್ನು ಹಿಡಿಯುವುದು ಎಂದಿಗೂ ಹಾನಿಯೇ, ಕಾರೆಕಾಯಿಯನ್ನು ಜಜ್ಜಿ ಮಡುವಿಗೆ ಕದಡುತ್ತಿದ್ದುದೂ ಹಳೆಯ ಕಾಲದಲ್ಲಿಯೇ. ಆದರೆ ಕೂಣಿ ಒಂದು ಹಳ್ಳದ ಒಂದು ಬಾಯನ್ನು ಮುಚ್ಚುತ್ತದೆ. ಸಿಡಿಮದ್ದು ಇಡಿಯ ಮಡುವನ್ನು ಮುಗಿಸುತ್ತದೆ.

ಕೊಪ್ಪದ ಸೀಮೆಯ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರ ಕಾದಂಬರಿಗಳಲ್ಲಿ ಮಲೆನಾಡಿನ ಮಾಂಸಾಹಾರದ ಅಡಿಗೆಮನೆ ಸಂಕೋಚವಿಲ್ಲದೆ ಕನ್ನಡ ಗದ್ಯಕ್ಕೆ ಪ್ರವೇಶಿಸಿತು. ಆದರೆ ಕಾದಂಬರಿ ಊಟವನ್ನು ಬಡಿಸುತ್ತದೆ, ಪಾಕವನ್ನು ಕಲಿಸುವುದಿಲ್ಲ. ಕೂಣಿಯ ಹೆಣಿಗೆ, ವಾಟೆಯನ್ನು ಒಣಗಿಸುವ ಹದ, ಯಾವ ಮೀನಿಗೆ ಯಾವ ಹುಳಿ ಎಂಬ ತಿಳಿವಳಿಕೆ, ಸ್ಥಳೀಯ ಮೀನುಗಳ ಹೆಸರುಗಳು ಇನ್ನೂ ಎಪ್ಪತ್ತು, ಎಂಬತ್ತು ದಾಟಿದವರ ಬಾಯಲ್ಲಿವೆ. ಈ ಪ್ರದೇಶದಿಂದ ಬರುವ ನಮ್ಮ ವಿದ್ಯಾರ್ಥಿಗಳು ಬರುವ ಮಳೆಗಾಲದ ರಜೆಯಲ್ಲಿ ತಮ್ಮ ಮನೆಯ ಹಿರಿಯರ ಬಳಿ ಕುಳಿತು ಇವನ್ನು ಬರೆದುಕೊಂಡು ಬರಲೆಂದು ಕೇಳಿಕೊಳ್ಳುತ್ತೇವೆ. ಅಳತೆಗಳನ್ನು ಕೇಳಿದರೆ ಅವರು ನಗುವರು. ಮೀನಿನ ಹೆಸರನ್ನು ಮೊದಲು ಕೇಳುವುದು ಲೇಸು. ಬಾಳಗಡಿಯ ಆ ಮನೆಯ ಕೂಣಿ ಅಟ್ಟದಲ್ಲಿ ಹೊಗೆಹಿಡಿದು ಕಪ್ಪಾಗಿದೆ. ಅದನ್ನು ಹೆಣೆಯಬಲ್ಲವರು ಊರಿನಲ್ಲಿ ಒಬ್ಬರು ಮಾತ್ರ ಉಳಿದಿದ್ದಾರೆಂದು ಅವರು ಹೇಳಿದರು.