ಕೆಸುವಿನ ಎಲೆಯಿಂದ ದೋಣಿಯ ತಳಕ್ಕೆ: ನೀರು ಹಿಡಿಯದ ನ್ಯಾನೊ ಲೇಪಗಳ ಮೌಲ್ಯಮಾಪನ

ಸಾರಾಂಶ: ಕಡಲಜೀವಿಗಳು ದೋಣಿ, ಹಡಗುಗಳ ತಳಕ್ಕೆ ಕಚ್ಚದಂತೆ ತಡೆಯಲು ನೀರು ಹಿಡಿಯದ ನ್ಯಾನೊ ಲೇಪಗಳು ಬಳಕೆಗೆ ಬರುತ್ತಿವೆ. ಇವುಗಳ ಯೋಗ್ಯತೆಯನ್ನು ನೀರಹನಿಯ ಸ್ಪರ್ಶಕೋನದಿಂದಲ್ಲ, ಕಚ್ಚಿದ ಜೀವಿ ಎಷ್ಟು ಸುಲಭವಾಗಿ ಕಳಚುತ್ತದೆ ಎಂಬುದರಿಂದ ಅಳೆಯಬೇಕೆಂಬುದು ಈ ಲೇಖನದ ವಾದ.

1. ಎಲೆಯ ಪಾಠ

ತುಮಕೂರು ಜಿಲ್ಲೆಯ ಅಮ್ಮಸಂದ್ರದ ಸುತ್ತಿನ ತೆಂಗಿನ ತೋಟಗಳಲ್ಲಿ ತೇವ ಆರದ ಕಡೆ ಕೆಸು ಬೆಳೆಯುತ್ತದೆ. ಅದರ ಎಲೆಯ ಮೇಲೆ ಬಿದ್ದ ಹನಿ ಗೋಲಿಯಂತೆ ಉರುಳಿಹೋಗುತ್ತದೆ. ಎಲೆಯ ಸೂಕ್ಷ್ಮ ಉಬ್ಬುಗಳ ಮೇಲೆ ಅವಕ್ಕಿಂತಲೂ ಸಣ್ಣ ಮೇಣದ ಹರಳುಗಳಿವೆ. ಹನಿ ಅವುಗಳ ತುದಿಯಲ್ಲಿ ನಿಂತು, ಕೆಳಗೆ ಗಾಳಿ ಉಳಿಯುತ್ತದೆ. ತಾವರೆ ಎಲೆಯ ಇದೇ ಗುಣವನ್ನು ಜರ್ಮನಿಯ ಸಸ್ಯವಿಜ್ಞಾನಿಗಳಾದ ಬಾರ್ತ್‌ಲಾಟ್ ಮತ್ತು ನೈನ್‌ಹೂಯಿಸ್ 1997ರಲ್ಲಿ ವಿವರಿಸಿದರು. ಸ್ಪರ್ಶಕೋನ, ಅಂದರೆ ಹನಿಯ ಅಂಚು ಮೈಯೊಂದಿಗೆ ಮಾಡುವ ಕೋನ, 150 ಡಿಗ್ರಿ ಮೀರಿದ ಮೈಯನ್ನು ಅತಿ ಜಲವಿಕರ್ಷಕ ಎನ್ನುತ್ತೇವೆ.

ಅದೇ ಎಲೆಯನ್ನು ತೋಟದ ತೊಟ್ಟಿಯಲ್ಲಿ ಮುಳುಗಿಸಿ ಹಿಡಿದರೆ ಬೆಳ್ಳಿಯ ತಗಡಿನಂತೆ ಹೊಳೆಯುತ್ತದೆ. ಆ ಹೊಳಪು ಸಿಕ್ಕಿಬಿದ್ದ ಗಾಳಿಯದು. ಮುಳುಗಿಸಿಯೇ ಇಟ್ಟರೆ ಗಾಳಿ ನೀರಿನಲ್ಲಿ ಕರಗುತ್ತ, ಹೊಳಪು ಮಾಸುತ್ತದೆ. ತಿಂಗಳುಗಟ್ಟಲೆ ನೀರಿನಲ್ಲೇ ಇರುವ ದೋಣಿಯ ತಳ ಈ ಗಾಳಿಯನ್ನು ನೆಚ್ಚಿಕೊಳ್ಳಲಾಗದು. ಗಾಳಿ ಹೋದ ಮೇಲೆ ಉಳಿಯುವ ಒರಟು ಮೈ ಜೀವಿಗಳಿಗೇ ಹಿಡಿತ ಕೊಡಬಹುದು.

2. ಅಂಟು ಮತ್ತು ಮೃದುತ್ವ

ಕಡಲಿಗಿಳಿದ ತಳಕ್ಕೆ ಮೊದಲು ಬ್ಯಾಕ್ಟೀರಿಯಾಗಳ ಲೋಳೆ, ಬಳಿಕ ಪಾಚಿ, ಪಚ್ಚಿಲೆ, ಸುಣ್ಣದ ಚಿಪ್ಪಿನ ಬಾರ್ನಕಲ್ ಕಚ್ಚುತ್ತವೆ. ಘರ್ಷಣೆ ಹೆಚ್ಚಿ ಇಂಧನ ಹೆಚ್ಚು ಉರಿಯುತ್ತದೆ. ಇದಕ್ಕೆ ಮದ್ದಾಗಿದ್ದ ಟ್ರೈಬ್ಯುಟೈಲ್ ಟಿನ್ ಬಣ್ಣಗಳು ಸಿಂಪಿ, ಕಡಲ ಬಸವನಹುಳುಗಳಿಗೆ ವಿಷವಾದವು. ಅವನ್ನು ನಿಷೇಧಿಸುವ ಒಪ್ಪಂದವನ್ನು ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆ 2001ರಲ್ಲಿ ಅಂಗೀಕರಿಸಿತು. 2008ರಲ್ಲಿ ಅದು ಜಾರಿಗೆ ಬಂತು.

ವಿಷವಿಲ್ಲದ ದಾರಿ ತೋರಿಸಿದ್ದು ಸಿಲಿಕೋನ್. ಮೇಲ್ಮೈ ಶಕ್ತಿ ಮೀಟರಿಗೆ 20ರಿಂದ 30 ಮಿಲಿನ್ಯೂಟನ್ ಇರುವಲ್ಲಿ ಜೀವಿಗಳ ಅಂಟು ಅತಿ ದುರ್ಬಲವೆಂದು ಸಂಶೋಧಕ ರಾಬರ್ಟ್ ಬೇಯರ್ ಗುರುತಿಸಿದ್ದರು. ಸಿಲಿಕೋನ್ ಸುಮಾರು 22ರಲ್ಲಿದೆ. ಟೆಫ್ಲಾನಿನ ಮೇಲ್ಮೈ ಶಕ್ತಿ ಅದಕ್ಕಿಂತ ಕಡಿಮೆಯಿದ್ದರೂ ಬಾರ್ನಕಲ್ ಅದರ ಮೇಲೆ ಗಟ್ಟಿಯಾಗಿ ಕೂರುತ್ತದೆ. ಟೆಫ್ಲಾನ್ ಬಿರುಸು, ಸಿಲಿಕೋನ್ ಮೆದು. ಎಳೆದಾಗ ಮೆದು ಪದರ ಬಾಗಿ, ಅಂಟು ಅಂಚಿನಿಂದ ಸುಲಿದುಬರುತ್ತದೆ.

3. ನ್ಯಾನೊ ಕಣದ ಹದ

ಆದರೆ ಮೆದು ಸಿಲಿಕೋನ್ ಬೇಗ ಹರಿಯುತ್ತದೆ, ಗೀರು ಬೀಳುತ್ತದೆ. ಸಿಲಿಕಾದ ನ್ಯಾನೊ ಕಣ ಅಥವಾ ಇಂಗಾಲದ ನ್ಯಾನೊ ಕೊಳವೆ ಬೆರೆಸಿದರೆ ತಾಳಿಕೆ ಹೆಚ್ಚುತ್ತದೆ. 2008ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ ಶೇ. 0.05ರಷ್ಟು ನ್ಯಾನೊ ಕೊಳವೆಯೇ ಜೀವಿಗಳ ಕಳಚುವಿಕೆಯನ್ನು ಸುಧಾರಿಸಿತ್ತು. ಪ್ರಮಾಣ ಮೀರಿದರೆ, ಸರಿಯಾಗಿ ತಿರುವದ ಮುದ್ದೆಯಲ್ಲಿ ಹಿಟ್ಟು ಗಂಟು ಕಟ್ಟಿದಂತೆ ಕಣಗಳು ಗಂಟಾಗುತ್ತವೆ. ಲೇಪ ಬಿರುಸಾಗಿ ಇದ್ದ ಗುಣವೂ ಹೋಗುತ್ತದೆ.

4. ನಮ್ಮ ಕರಾವಳಿಗೆ ತಕ್ಕ ಪರೀಕ್ಷೆ

ಜೀವಿಗಳನ್ನು ಕಳಚಿಸುವ ಲೇಪಕ್ಕೆ ನೀರಿನ ಹರಿವಿನ ನೆರವು ಬೇಕು. ಕರ್ನಾಟಕದ ಯಾಂತ್ರೀಕೃತ ಮೀನುಗಾರಿಕೆ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗಿಳಿಯುವಂತಿಲ್ಲ; ಉಳಿದ ಕಾಲದಲ್ಲೂ ಮಲ್ಪೆ, ಮಂಗಳೂರಿನ ದಕ್ಕೆಗಳಲ್ಲಿ ನಿಂತಿರುವ ಹೊತ್ತು ಕಡಿಮೆಯಲ್ಲ. ವೇಗದ ಸರಕು ಹಡಗಿಗೆ ಒಪ್ಪುವ ಲೇಪ ಈ ದೋಣಿಗೂ ಒಪ್ಪುತ್ತದೆಂದು ಭಾವಿಸಬಾರದು. ಆದ್ದರಿಂದ ಲೇಪ ಬಳಿದ ಫಲಕಗಳನ್ನು ನಿಂತ ನೀರಿನಲ್ಲೂ ಹರಿವಿನಲ್ಲೂ, ಮಳೆಗಾಲದ ಸಿಹಿನೀರು ಬೆರೆತಾಗಲೂ ಬೇಸಿಗೆಯ ಉಪ್ಪಿನಲ್ಲೂ ಇಟ್ಟು ನೋಡಬೇಕು. ಬಾರ್ನಕಲ್ ಕಳಚಲು ಬೇಕಾದ ಬಲವನ್ನು ಎಎಸ್‌ಟಿಎಂ ಸಂಸ್ಥೆಯ ಡಿ 5618 ಎಂಬ ಪ್ರಮಾಣಿತ ಪರೀಕ್ಷಾಕ್ರಮದಂತೆ ಅಳೆಯಬೇಕು. ಪ್ರಯೋಗಶಾಲೆಯಲ್ಲಿ ಒಂದು ಹನಿ ಉರುಳಿದ್ದನ್ನು ನೋಡಿ ಲೇಪವನ್ನು ಒಪ್ಪಿದರೆ, ಎಲೆಯನ್ನು ತೊಟ್ಟಿಯಲ್ಲಿ ಮುಳುಗಿಸದೆಯೇ ತೀರ್ಪು ಕೊಟ್ಟಂತಾಗುತ್ತದೆ.