ಆಟಕ್ಕುಂಟು, ಲೆಕ್ಕಕ್ಕಿಲ್ಲ

1937ರಲ್ಲಿ ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿದ್ದ ವಾರನ್ ಆಲ್ಫ್‌ಸನ್ ಎಂಬ ಹುಡುಗ, ಆಟಗಾರರು ಸಾಮಾನ್ಯವಾಗಿ ಕೇಳದಂಥದ್ದೊಂದನ್ನು ಕೇಳಿದ. ತಂಡದ ಜೊತೆ ಅಭ್ಯಾಸ ಮಾಡುತ್ತೇನೆ, ಆದರೆ ಈ ವರ್ಷ ನನ್ನನ್ನು ಯಾವ ಪಂದ್ಯಕ್ಕೂ ಇಳಿಸಬೇಡಿ ಎಂಬುದು ಅವನ ಕೋರಿಕೆ. ತಂಡದೊಳಗೆ ಪೈಪೋಟಿ ಜೋರಾಗಿತ್ತು, ತನ್ನ ತಯಾರಿ ಸಾಲದು ಎಂದು ಅವನಿಗೇ ಅನ್ನಿಸಿತ್ತು. ತಂಡದವರು ಒಪ್ಪಿದರು. ಆ ವರ್ಷವಿಡೀ ಅವನು ನಂಬರಿಲ್ಲದ ಕೆಂಪು ಅಂಗಿ ತೊಟ್ಟು ಅಭ್ಯಾಸ ಮಾಡಿದ. ರೆಡ್‌ಶರ್ಟ್ ಪದ್ಧತಿ ಶುರುವಾದದ್ದು ಅಲ್ಲಿಂದಲೇ ಎನ್ನುವುದು ನೆಬ್ರಾಸ್ಕಾದವರ ನಂಬಿಕೆ. ಉಳಿಸಿಟ್ಟ ವರ್ಷ ಅವನಿಗೆ ಬಡ್ಡಿ ಸಮೇತ ಬಂತು. 1940ರಲ್ಲಿ ಅವನು ದೇಶದ ಶ್ರೇಷ್ಠ ಗಾರ್ಡ್‌ಗಳ ಪಟ್ಟಿ ಸೇರಿದ. ಆ ತಂಡ 1941ರ ಜನವರಿ 1ರಂದು ಕ್ಯಾಲಿಫೋರ್ನಿಯಾದ ರೋಸ್ ಬೌಲ್‌ವರೆಗೂ ಹೋಗಿ ಸ್ಟ್ಯಾನ್‌ಫರ್ಡ್ ಎದುರು 21-13ರಿಂದ ಸೋತಿತು. ಆ ಸೋಲನ್ನೂ ನೆಬ್ರಾಸ್ಕಾದ ಹಿರಿಯರು ಹೆಮ್ಮೆಯಿಂದಲೇ ಹೇಳುತ್ತಾರೆ.

ನಾನು ತಿಪಟೂರಿನವಳು, ಮದುವೆಯಾಗಿ ಆ ವಿಶ್ವವಿದ್ಯಾಲಯವಿರುವ ಲಿಂಕನ್‌ಗೆ ಬಂದವಳು. ಈ ಊರಿನಲ್ಲಿ ಫುಟ್‌ಬಾಲ್ ಅರ್ಥವಾಗದೆ ಬದುಕುವುದು, ಉಡುಪಿಯಲ್ಲಿದ್ದುಕೊಂಡು ಯಕ್ಷಗಾನದ ಸುದ್ದಿಯೇ ಬೇಡ ಅಂದ ಹಾಗೆ. ಪಂದ್ಯದ ಶನಿವಾರ ಮೆಮೋರಿಯಲ್ ಸ್ಟೇಡಿಯಂ ತುಂಬಿದರೆ ಅದೇ ರಾಜ್ಯದ ಮೂರನೆಯ ದೊಡ್ಡ ಊರು. 1962ರಿಂದ ಅಲ್ಲಿ ಟಿಕೆಟ್ ಮಿಕ್ಕಿದ್ದೇ ಇಲ್ಲ ಎನ್ನುವುದು ಇವರ ದಾಖಲೆ. ಅವತ್ತು ತರಕಾರಿ ತರುವುದಿದ್ದರೂ ಪಂದ್ಯ ಶುರುವಾದ ಮೇಲೆ ಹೊರಡಬೇಕು. ರಸ್ತೆ ಖಾಲಿ, ಅಂಗಡಿ ಖಾಲಿ. ನಾನು ಈ ಸೀಮೆಯ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತಿದ್ದೆ. ಬೆಂಚಿನಲ್ಲಿ ಹಿಡಿಸದ ಭುಜದ ಹುಡುಗರು ಕೊನೆಯ ಸಾಲಿನಲ್ಲಿ ಕೂರುತ್ತಿದ್ದರು. ನಾನು ಅವರಿಗೆ ಸರಾಸರಿ, ವಿಚಲನೆ ಹೇಳಿಕೊಟ್ಟೆ. ಅವರು ನನಗೆ ವರ್ಷಗಳ ಲೆಕ್ಕ ಕಲಿಸಿದರು. ಆ ಲೆಕ್ಕದ ಚರಿತ್ರೆ ಹುಡುಕುತ್ತಾ ಹೋದಾಗ ನನಗೆ ಕಂಡದ್ದು ಇಷ್ಟು: ಒಬ್ಬ ಹುಡುಗ ತನಗಾಗಿ ಕೇಳಿ ಪಡೆದ ವರ್ಷ ಮೊದಲು ಕೋಚ್‌ಗಳ ಕೈಗೆ, ಆಮೇಲೆ ಸಮಿತಿಗಳ ಕೈಗೆ, ಕೊನೆಗೆ ನ್ಯಾಯಾಧೀಶರ ಕೈಗೆ ಹೋಯಿತು.

ನಿಯಮ ಕೇಳಲು ಸುಲಭ. ಕಾಲೇಜಿಗೆ ಪೂರ್ಣಾವಧಿ ವಿದ್ಯಾರ್ಥಿಯಾಗಿ ಸೇರಿದ ದಿನದಿಂದ ಐದು ವರ್ಷದ ಗಡಿಯಾರ ಓಡತೊಡಗುತ್ತದೆ. ಅದರೊಳಗೆ ನಾಲ್ಕು ಸೀಸನ್ ಆಡಬಹುದು. ಆಡದೆ ಬಿಟ್ಟ ಆ ಒಂದು ವರ್ಷವೇ ರೆಡ್‌ಶರ್ಟ್. ಹುಡುಗ ಅಭ್ಯಾಸಕ್ಕೆ ಬರುತ್ತಾನೆ, ಸ್ಕಾಲರ್‌ಶಿಪ್ ಇದ್ದರೆ ಅದು ನಡೆಯುತ್ತದೆ, ಪಾಠವೂ ನಡೆಯುತ್ತದೆ, ಮೂಲ ನಿಯಮದಂತೆ ಪಂದ್ಯವೊಂದು ಇಲ್ಲ. ಸೈನ್ಯಕ್ಕೆ ಹೋದರೆ, ಧರ್ಮಪ್ರಚಾರಕ್ಕೆ ಹೋದರೆ ಗಡಿಯಾರ ನಿಲ್ಲುತ್ತದೆ. ಹಾಗಾಗಿಯೇ ಮಾರ್ಮನ್ನರ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ತಂಡದಲ್ಲಿ ಇಪ್ಪತ್ತೈದರ ಹುಡುಗರನ್ನು ಕಂಡು ಎದುರಾಳಿಗಳು ಗೊಣಗುವುದು. ಸೀಸನ್ನಿನ ಮೊದಲರ್ಧದಲ್ಲೇ ಪೆಟ್ಟು ಬಿದ್ದು ಆ ವರ್ಷದ ಆಟ ಮುಗಿದರೆ, ಆಡಿದ ಪಂದ್ಯಗಳು ಶೇ. 30ರೊಳಗಿದ್ದರೆ, ಅರ್ಜಿ ಹಾಕಿ ವರ್ಷ ವಾಪಸ್ ಪಡೆಯಬಹುದು.

ಆಲ್ಫ್‌ಸನ್ ಕಾಲದಲ್ಲಿ ಲೆಕ್ಕ ಬೇರೆಯಿತ್ತು. ಮೊದಲ ವರ್ಷದವರನ್ನು ಮುಖ್ಯ ತಂಡಕ್ಕೆ ಸೇರಿಸುತ್ತಲೇ ಇರಲಿಲ್ಲ. ಹೊಸಬರಿಗೆ ಬೇರೆಯೇ ತಂಡ, ಬೆರಳೆಣಿಕೆಯ ಪಂದ್ಯ. ಹುಡುಗ ಮೊದಲು ಕಾಲೇಜಿಗೆ ಒಗ್ಗಲಿ ಎಂಬುದು ಹಿರಿಯರ ಉದ್ದೇಶ. ಯುದ್ಧಕಾಲದಲ್ಲಿ ಗಂಡುಹುಡುಗರೇ ಸಿಗದಾದಾಗ ಸಡಿಲಿಸಿದ್ದು ಬಿಟ್ಟರೆ, ಈ ಕಟ್ಟು ಬಹುಕಾಲ ನಡೆಯಿತು. 1972ರಲ್ಲಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ಅದನ್ನು ಕಿತ್ತುಹಾಕಿತು. ಹದಿನೆಂಟರ ಹುಡುಗ ಶಾಲೆ ಮುಗಿಸಿ ಬಂದು ಮೂರೇ ತಿಂಗಳಲ್ಲಿ ಮುಖ್ಯ ಪಂದ್ಯ ಆಡಬಹುದಾಯಿತು. ಐವಿ ಲೀಗ್‌ನ ಕಾಲೇಜುಗಳು ಮಾತ್ರ ಫುಟ್‌ಬಾಲಿನಲ್ಲಿ ಇದನ್ನು ಒಪ್ಪಲು 1993ರವರೆಗೆ ಸಮಯ ತೆಗೆದುಕೊಂಡವು. ರೆಡ್‌ಶರ್ಟನ್ನಂತೂ ಅವು ಇವತ್ತಿಗೂ ಒಪ್ಪುವುದಿಲ್ಲ: ನಾಲ್ಕು ವರ್ಷ ಓದು, ಆ ನಾಲ್ಕರಲ್ಲೇ ಆಟ.

ಈ ಬದಲಾವಣೆಯ ಹಿಂದೆಯೇ ಇನ್ನೊಂದು ಬಂತು. ಅಲ್ಲಿಯವರೆಗೆ ದೊಡ್ಡ ಕಾಲೇಜುಗಳು ಇಷ್ಟ ಬಂದಷ್ಟು ಹುಡುಗರಿಗೆ ಸ್ಕಾಲರ್‌ಶಿಪ್ ಕೊಟ್ಟು ಕೂರಿಸಿಕೊಳ್ಳುತ್ತಿದ್ದವು. ತಮಗೆ ಬೇಕೆಂದಲ್ಲ, ಎದುರಾಳಿಗೆ ಸಿಗಬಾರದೆಂದು. 1973ರಲ್ಲಿ ಮಿತಿ 105ಕ್ಕೆ ಬಂತು, 1978ರಲ್ಲಿ 95ಕ್ಕೆ, 1990ರ ದಶಕದ ನಡುವಿಗೆ 85ಕ್ಕೆ. ಸ್ಕಾಲರ್‌ಶಿಪ್ ಕಡಿಮೆಯಾದ ಹಾಗೆಲ್ಲ ಒಬ್ಬೊಬ್ಬ ಹುಡುಗನ ಒಂದೊಂದು ವರ್ಷವೂ ದುಬಾರಿಯಾಯಿತು. ಇವನನ್ನು ಈಗಲೇ ಇಳಿಸುವುದೋ, ಒಂದು ವರ್ಷ ಬಲಿಯಲು ಬಿಡುವುದೋ? ಹೀಗೆ ಎಣಿಸುವ ಕೆಲಸ ಹುಡುಗನದಾಗಿ ಉಳಿಯಲಿಲ್ಲ, ಕೋಚ್ ಕಚೇರಿಯ ಗೋಡೆಯ ಮೇಲಿನ ಪಟ್ಟಿಗೆ ಹೋಯಿತು.

ಕೋಚ್‌ಗಳ ಎಣಿಕೆ ತಪ್ಪೇನಲ್ಲ. ಈ ಆಟದಲ್ಲಿ ಮುಂದಿನ ಸಾಲಿನವರು 135 ಕಿಲೋ ಮೀರಿ ತೂಗುತ್ತಾರೆ. ಹದಿನೆಂಟರ ಮೈಯನ್ನು ಇಪ್ಪತ್ತೆರಡರ ಮೈಗೆ ಗುದ್ದಿಸಿದರೆ ಯಾರ ಮೂಳೆ ಮುರಿಯುತ್ತದೆ ಎನ್ನಲು ಸಂಖ್ಯಾಶಾಸ್ತ್ರ ಬೇಕಿಲ್ಲ. ಒಂದು ವರ್ಷದ ಊಟ, ಒಂದು ವರ್ಷದ ಭಾರ ಎತ್ತುವಿಕೆ ಮೈಯನ್ನೇ ಬದಲಿಸುತ್ತವೆ. ಇದನ್ನು ಶಾಸ್ತ್ರವಾಗಿ ಮಾಡಿದ್ದೂ ಇದೇ ಲಿಂಕನ್. ಬಾಯ್ಡ್ ಎಪ್ಲಿ ಎಂಬ ಪೋಲ್‌ವಾಲ್ಟ್ ಪಟು ಬೆನ್ನುನೋವಿಗೆಂದು ತೂಕದ ಕೋಣೆ ಸೇರಿದವನು. ಫುಟ್‌ಬಾಲ್ ಹುಡುಗರು ಅವನನ್ನು ನೋಡಿ ತಾವೂ ಭಾರ ಎತ್ತತೊಡಗಿದರು. ಆಟಗಾರರು ಭಾರ ಎತ್ತಿದರೆ ನಿಧಾನವಾಗುತ್ತಾರೆ ಎಂದು ನಂಬಿದ್ದ ಕಾಲ ಅದು. 1969ರಲ್ಲಿ ಕೋಚ್ ಬಾಬ್ ಡಿವೇನಿ ಅವನನ್ನು ಗಂಟೆಗೆ ಎರಡು ಡಾಲರಿಗೆ ಕೆಲಸಕ್ಕಿಟ್ಟುಕೊಂಡರು. 1970 ಮತ್ತು 1971ರಲ್ಲಿ ನೆಬ್ರಾಸ್ಕಾ ರಾಷ್ಟ್ರೀಯ ಚಾಂಪಿಯನ್. 1973ರಿಂದ 1997ರವರೆಗೆ ಕೋಚ್ ಆಗಿದ್ದ ಟಾಮ್ ಆಸ್ಬರ್ನ್ ಜೋಳದ ಹೊಲಗಳ ನಡುವಿನ ಸಣ್ಣ ಊರುಗಳಿಂದ, ಸ್ಕಾಲರ್‌ಶಿಪ್ ಇಲ್ಲದೆಯೂ ಬರುವ ಹುಡುಗರನ್ನು ಕರೆತಂದು, ರೆಡ್‌ಶರ್ಟ್ ತೊಡಿಸಿ, ನಾಲ್ಕನೆಯ ಐದನೆಯ ವರ್ಷಕ್ಕೆ ಮೈದಾನಕ್ಕೆ ಬಿಡುತ್ತಿದ್ದರು. ಕಾಯುವುದಕ್ಕೆ ಇಲ್ಲಿ ಒಂದು ಮರ್ಯಾದೆ ಇತ್ತು.

ಆದರೆ ಕಾಯುವವನ ವಾರ ಹೇಗಿರುತ್ತದೆ ಎಂದು ಕೇಳಬೇಕು. ರೆಡ್‌ಶರ್ಟ್ ಹುಡುಗರನ್ನು ಸ್ಕೌಟ್ ಟೀಮ್‌ಗೆ ಹಾಕುತ್ತಾರೆ. ಬರುವ ಶನಿವಾರದ ಎದುರಾಳಿ ಯಾರೋ, ಅವರ ವೇಷ ಹಾಕುವುದು ಇವರ ಕೆಲಸ. ಈ ವಾರ ಓಕ್ಲಹೋಮಾದವರ ಹಾಗೆ ಓಡು, ಮುಂದಿನ ವಾರ ಕಾನ್ಸಸ್‌ನವರ ಹಾಗೆ ನಿಲ್ಲು. ಸೋಮವಾರದಿಂದ ಗುರುವಾರದವರೆಗೆ ಮುಖ್ಯ ತಂಡದವರಿಂದ ಗುದ್ದಿಸಿಕೊಂಡು, ಹೊರ ಊರಿನ ಪಂದ್ಯಕ್ಕೆ ಬಸ್ಸು ಹೊರಟಾಗ ಹಾಸ್ಟೆಲಿನಲ್ಲಿ ಉಳಿಯಬೇಕು. ಊರಿನಲ್ಲಿ ಅವನೇ ಹೀರೋ ಆಗಿದ್ದವನು. ಇಲ್ಲಿ ಟಿವಿಯಲ್ಲಿ ಪಂದ್ಯ ನೋಡುತ್ತಾ ಅಪ್ಪನ ಫೋನಿಗೆ ಉತ್ತರಿಸಬೇಕು. ನನ್ನ ತರಗತಿಗಳಲ್ಲಿ ಮೊದಲ ವರ್ಷ ಬಿಟ್ಟುಹೋದ ಹುಡುಗರು ಪಾಠ ಕಷ್ಟವಾಗಿ ಹೋದದ್ದಕ್ಕಿಂತ ಅಕ್ಟೋಬರಿನ ಶನಿವಾರಗಳನ್ನು ತಾಳಲಾರದೆ ಹೋದದ್ದೇ ಹೆಚ್ಚು.

2018ಕ್ಕೆ ಮೊದಲು ಈ ಲೆಕ್ಕದಲ್ಲಿ ಒಂದು ಕ್ರೌರ್ಯವಿತ್ತು. ಪೆಟ್ಟಾದವರನ್ನು ಬಿಟ್ಟರೆ, ಒಂದೇ ಒಂದು ಆಟಕ್ಕೆ, ಆರು ಸೆಕೆಂಡಿಗೆ, ಮೈದಾನದ ಗೆರೆ ದಾಟಿದರೂ ಇಡೀ ವರ್ಷ ಖರ್ಚಾಯಿತು. ರೆಡ್‌ಶರ್ಟ್ ಸುಟ್ಟುಹೋಯಿತು ಎನ್ನುತ್ತಾರೆ. ಪಶ್ಚಿಮದ ದನದ ಸೀಮೆಯಿಂದ ಬಂದಿದ್ದ ಒಬ್ಬ ಹುಡುಗ ನನ್ನ ತರಗತಿಯಲ್ಲಿದ್ದ. ಸೆಪ್ಟೆಂಬರ್, ಅಕ್ಟೋಬರ್ ಪೂರ್ತಿ ಕೆಂಪು ಅಂಗಿಯಲ್ಲಿ ಕಳೆದವನು. ನವೆಂಬರಿನಲ್ಲಿ ಹಿರಿಯನೊಬ್ಬನ ಮಂಡಿ ಹೋಯಿತು. ಕೋಚ್ ತಿರುಗಿ ಇವನ ಕಡೆ ಕೈ ಮಾಡಿದರು. ಸೋಮವಾರ ಅವನು ಪಾಠ ಮುಗಿದ ಮೇಲೂ ಕೂತೇ ಇದ್ದ.

“ಎಷ್ಟು ಹೊತ್ತು ಆಡಿದೆಯಪ್ಪಾ?” ಅಂದೆ.

“ನಾಲ್ಕು ಸಲ ಇಳಿದೆ ಮೇಡಂ. ಒಂದು ಸಲವೂ ಚೆಂಡು ನನ್ನ ಕಡೆ ಬರಲಿಲ್ಲ.”

“ಬೇಡ ಅನ್ನಬಹುದಿತ್ತಲ್ಲ?”

ಅವನು ನಕ್ಕ. “ಕೋಚ್‌ಗೆ ಬೇಡ ಅನ್ನುವ ಹುಡುಗ ಮುಂದಿನ ವರ್ಷ ಇಲ್ಲಿರುತ್ತಾನಾ ಮೇಡಂ?”

ಅವನ ಮಾತು ಹುಸಿಯಲ್ಲ. 1973ರಿಂದ ಸ್ಕಾಲರ್‌ಶಿಪ್ಪನ್ನು ವರ್ಷಕ್ಕೊಮ್ಮೆ ನವೀಕರಿಸುವ ಪದ್ಧತಿಯಿತ್ತು. ಹಲವು ವರ್ಷಗಳಿಗೆ ಒಟ್ಟಿಗೆ ಕೊಡಲು ಮತ್ತೆ ಅವಕಾಶವಾದದ್ದು 2012ರ ಹೊತ್ತಿಗೆ. ವರ್ಷದ ಅನ್ನ ಯಾರ ಕೈಯಲ್ಲಿದೆಯೋ ಅವರಿಗೆ ಬೇಡ ಅನ್ನುವುದು ಹದಿನೆಂಟರಲ್ಲಿ ಎಲ್ಲಿ ಸಾಧ್ಯ?

ರೆಡ್‌ಶರ್ಟಿನ ಹೊಗಳಿಕೆಗೆ ದೊಡ್ಡ ಹೆಸರುಗಳನ್ನು ಎತ್ತಿ ಆಡುವುದು ವಾಡಿಕೆ. ಟೆಕ್ಸಸ್ ಎ ಅಂಡ್ ಎಂನ ಜಾನಿ ಮ್ಯಾಂಜೆಲ್ 2011ರಲ್ಲಿ ಕೂತು, 2012ರಲ್ಲಿ ಕಾಲೇಜು ಫುಟ್‌ಬಾಲಿನ ಅತ್ಯುನ್ನತ ಪ್ರಶಸ್ತಿ ಹೈಸ್‌ಮನ್ ಗೆದ್ದ ಮೊದಲ ಫ್ರೆಶ್‌ಮನ್ ಆದ. ಮರುವರ್ಷ ಫ್ಲಾರಿಡಾ ಸ್ಟೇಟ್‌ನ ಜೇಮಿಸ್ ವಿನ್‌ಸ್ಟನ್ ಕೂಡ ಹಾಗೆಯೇ ಗೆದ್ದ. ನನಗೆ ಇಷ್ಟವಾಗುವುದು ಜೋ ಬರೋನ ಲೆಕ್ಕ. 2015ರಲ್ಲಿ ಓಹಾಯೊ ಸ್ಟೇಟ್‌ನಲ್ಲಿ ರೆಡ್‌ಶರ್ಟ್. ಆಮೇಲೂ ಆಡಲು ಸಿಕ್ಕಿದ್ದು ಅಲ್ಪ. ಮೂರೇ ವರ್ಷದಲ್ಲಿ ಡಿಗ್ರಿ ಮುಗಿಸಿ, ಉಳಿದ ವರ್ಷಗಳನ್ನು ಲೂಸಿಯಾನಾ ಸ್ಟೇಟ್‌ಗೆ ಒಯ್ದು, 2019ರಲ್ಲಿ ಒಂದೂ ಪಂದ್ಯ ಸೋಲದೆ ಚಾಂಪಿಯನ್‌ಷಿಪ್‌, ಹೈಸ್‌ಮನ್‌ ಎರಡನ್ನೂ ಗೆದ್ದ. ಕೂತ ವರ್ಷವನ್ನು ಓದಿಗೆ ಸುರಿದವನಿಗೆ ಹೊರಡುವ ಸ್ವಾತಂತ್ರ್ಯ ಸಿಕ್ಕಿತು.

ಬೇಕರ್ ಮೇಫೀಲ್ಡ್‌ನ ವರ್ಷ ಮಾತ್ರ ಮತಕ್ಕೆ ಬಿತ್ತು. 2013ರಲ್ಲಿ ಟೆಕ್ಸಸ್ ಟೆಕ್‌ನಲ್ಲಿ ಸ್ಕಾಲರ್‌ಶಿಪ್ ಇಲ್ಲದೆಯೇ ಆಡಿ, ಓಕ್ಲಹೋಮಾಕ್ಕೆ ಹೋದವನು ಅವನು. ಎರಡೂ ಬಿಗ್ ಟ್ವೆಲ್ವ್ ಒಕ್ಕೂಟದವೇ ಆದ್ದರಿಂದ ಒಂದು ವರ್ಷ ಕೂರಬೇಕು, ಕೂತ ವರ್ಷವೂ ಲೆಕ್ಕದಿಂದ ಕಳೆಯಬೇಕು ಎಂದಿತು ನಿಯಮ. ಸ್ಕಾಲರ್‌ಶಿಪ್ ಇಲ್ಲದವರಿಗೆ ವಿನಾಯಿತಿ ಕೊಡೋಣವೇ ಎಂದು 2016ರ ಜೂನಿನಲ್ಲಿ ಒಕ್ಕೂಟದಲ್ಲಿ ಆಗ ಇದ್ದ ಹತ್ತು ಕಾಲೇಜುಗಳು ಮತ ಹಾಕಿದವು. 5-5, ಬಿದ್ದುಹೋಯಿತು. ಮರುದಿನ ಒಂದಿಷ್ಟು ತಿದ್ದಿ ಮತ್ತೆ ಹಾಕಿದಾಗ 7-3. ಹಾಗೆ ಮರಳಿ ಸಿಕ್ಕ 2017ರಲ್ಲೇ ಮೇಫೀಲ್ಡ್ ಹೈಸ್‌ಮನ್ ಗೆದ್ದ. 2018ರಲ್ಲಿ ವೃತ್ತಿಪರ ತಂಡಗಳ ಮೊದಲ ಆಯ್ಕೆಯಾದ. ಆ ಎರಡು ಮತ ಮೊದಲ ದಿನದಂತೆಯೇ ನಿಂತಿದ್ದರೆ ಅವನ ಕಾಲೇಜು ಆಟ 2016ಕ್ಕೇ ಮುಗಿಯುತ್ತಿತ್ತು.

2018ರ ಜೂನಿನಲ್ಲಿ ಎನ್‌ಸಿಎಎ ಒಂದು ಒಳ್ಳೆಯ ಕೆಲಸ ಮಾಡಿತು: ನಾಲ್ಕು ಪಂದ್ಯದವರೆಗೆ ಆಡಿದರೂ ವರ್ಷ ಖರ್ಚಾಗದು. ನನ್ನ ವಿದ್ಯಾರ್ಥಿಯಂಥವರಿಗೆ ಇದು ವರವೇ. ಹೊಸಬರಿಗೆ ರುಚಿ ತೋರಿಸಲೆಂದು ಕೋಚ್‌ಗಳು ಬಯಸಿ ತಂದ ನಿಯಮವನ್ನು ತನ್ನ ಕಡೆಗೆ ತಿರುಗಿಸಿಕೊಂಡವನು ಒಬ್ಬ ಹಿರಿಯ ಆಟಗಾರ. ಕೆಲ್ಲಿ ಬ್ರ್ಯಾಂಟ್ ಹಿಂದಿನ ವರ್ಷ ಕ್ಲೆಮ್ಸನ್ ತಂಡವನ್ನು ಪ್ಲೇಆಫ್‌ಗೆ ಒಯ್ದಿದ್ದ ಕ್ವಾರ್ಟರ್‌ಬ್ಯಾಕ್. ನಾಲ್ಕು ಪಂದ್ಯ ಗೆದ್ದ ಮೇಲೆ ಅವನ ಜಾಗವನ್ನು ಆಗತಾನೇ ಬಂದ ಟ್ರೆವರ್ ಲಾರೆನ್ಸ್‌ಗೆ ಕೊಟ್ಟರು. ಐದನೆಯದು ಆಡಿದ್ದರೆ ವರ್ಷ ಹೋಗುತ್ತಿತ್ತು. ಅವನು ಆಡಲಿಲ್ಲ, ತಂಡ ಬಿಟ್ಟು, ಉಳಿದ ವರ್ಷವನ್ನು ಮಿಸೂರಿಗೆ ಒಯ್ದ. ಆ ಶನಿವಾರವೇ ಲಾರೆನ್ಸ್‌ಗೆ ಪೆಟ್ಟಾಗಿ ಮೂರನೆಯವನೊಬ್ಬ ಪಂದ್ಯ ಉಳಿಸಬೇಕಾಯಿತು. ಬ್ರ್ಯಾಂಟ್ ತಂಡದ ಕೈ ಬಿಟ್ಟ ಎಂದು ಊರೆಲ್ಲ ಬೈದರು. ತಂಡ ಅವನ ಕೈ ಬಿಟ್ಟಾಗ ಅದೇ ಜನ ಅದನ್ನು ಜಾಣ ನಿರ್ಧಾರ ಎಂದಿದ್ದರು.

ಆಮೇಲೆ ಲೆಕ್ಕದ ಪುಸ್ತಕವೇ ಕಲಸಿಹೋಯಿತು. 2020ರ ಕೋವಿಡ್ ಸೀಸನ್ ಯಾರ ಖಾತೆಗೂ ಬರೆಯಬೇಡಿ ಎಂದರು. ಕ್ಯಾಮ್ ಮೆಕಾರ್ಮಿಕ್ ಎಂಬಾತ 2016ರಲ್ಲಿ ಒರೆಗಾನ್ ಸೇರಿ, ರೆಡ್‌ಶರ್ಟ್, ಸಾಲುಸಾಲು ಗಾಯ, ಕೋವಿಡ್ ಎಲ್ಲದರ ವಿನಾಯಿತಿ ಪಡೆದು, 2024ರಲ್ಲಿ ಮಯಾಮಿಗಾಗಿ ಒಂಬತ್ತನೆಯ ವರ್ಷದ ಕಾಲೇಜು ಫುಟ್‌ಬಾಲ್ ಆಡಿದ. 2021ರಿಂದ ಕೂರುವ ಶಿಕ್ಷೆಯಿಲ್ಲದೆ ಒಮ್ಮೆ ಕಾಲೇಜು ಬದಲಿಸಬಹುದಾಯಿತು, ಹೆಸರು-ಮುಖ ಮಾರಿ ಹಣ ಮಾಡಬಹುದಾಯಿತು. ವರ್ಷಕ್ಕೆ ಬೆಲೆ ಬಂದ ಮೇಲೆ ವಕೀಲರು ಬಾರದೆ ಇರುತ್ತಾರೆಯೇ? ಜೂನಿಯರ್ ಕಾಲೇಜಿನಲ್ಲಿ ಆಡಿದ ವರ್ಷಗಳನ್ನು ನನ್ನ ಲೆಕ್ಕದಲ್ಲಿ ಹಿಡಿಯಬಾರದು ಎಂದು ವ್ಯಾಂಡರ್‌ಬಿಲ್ಟ್‌ನ ಡಿಯೇಗೊ ಪಾವಿಯಾ ನ್ಯಾಶ್‌ವಿಲ್‌ನ ಫೆಡರಲ್ ನ್ಯಾಯಾಲಯಕ್ಕೆ ಹೋದ. 2024ರ ಡಿಸೆಂಬರಿನಲ್ಲಿ ಅವನ ಪರವಾಗಿ ತಡೆಯಾಜ್ಞೆ ಬಂತು. ಹೌಸ್ ಎಂಬ ಮೊಕದ್ದಮೆಯಲ್ಲಿ 2025ರ ಜೂನಿನಲ್ಲಿ ಆದ ಒಪ್ಪಂದದಿಂದ ಕಾಲೇಜುಗಳೇ ಆಟಗಾರರಿಗೆ ಮೊದಲ ವರ್ಷ 2.05 ಕೋಟಿ ಡಾಲರ್‌ವರೆಗೆ ಹಂಚಬಹುದಾಯಿತು. ಅದನ್ನು ಒಪ್ಪಿಕೊಂಡ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಒಟ್ಟು 105 ಜನರ ಮಿತಿ. ಸಣ್ಣ ಊರಿನ ಹುಡುಗನನ್ನು ಐದು ವರ್ಷ ಬಲಿಸುವ ತಾಳ್ಮೆಗೆ ಆ 105ರಲ್ಲಿ ಜಾಗ ಕಡಿಮೆ.

ಐದು ವರ್ಷದಲ್ಲಿ ಐದೂ ಆಡಲಿ, ರೆಡ್‌ಶರ್ಟೇ ಬೇಡ ಎಂಬ ಸಲಹೆ ಈಚೆಗೆ ಕೇಳಿಬಂದಿದೆ. ಲೆಕ್ಕ ಕಲಿಸಿದವಳಾಗಿ ನನಗೆ ಇದು ಇಷ್ಟ: ಕೂಡಿಸುವುದಿಲ್ಲ, ಕಳೆಯುವುದಿಲ್ಲ, ಯಾರ ವರ್ಷವನ್ನೂ ಯಾರೂ ಸುಡಲಾರರು. ಆದರೆ ಉಳಿಸಿಡಲು ಏನೂ ಇಲ್ಲದಾದಾಗ, ಬಲಿಯದ ಹುಡುಗನನ್ನು ಮೈದಾನದಿಂದ ದೂರ ಇಡಲು ಯಾರಿಗೂ ಕಾರಣವೂ ಇರುವುದಿಲ್ಲ. ಆದ್ದರಿಂದ ಆ ನಿಯಮಕ್ಕೆ ಒಂದು ಸಾಲು ಸೇರಿಸಿ ಎನ್ನುತ್ತೇನೆ: ಮೊದಲ ವರ್ಷ ನಾನು ಆಡುವುದಿಲ್ಲ ಎಂದು ಹುಡುಗ ಬರೆದುಕೊಟ್ಟರೆ, ಅದಕ್ಕಾಗಿ ಅವನ ಸ್ಕಾಲರ್‌ಶಿಪ್ ಕಿತ್ತುಕೊಳ್ಳುವಂತಿಲ್ಲ. ಎಂಟು ದಶಕಗಳ ನಿಯಮಗಳಲ್ಲಿ ಕೋಚ್‌ಗೆ, ಕಾಲೇಜಿಗೆ, ಒಕ್ಕೂಟಕ್ಕೆ, ಕೋರ್ಟಿಗೆ ಹುಡುಗನ ವರ್ಷದ ಮೇಲೆ ಅಧಿಕಾರ ಸಿಕ್ಕಿದೆ. ಇನ್ನೂ ತಯಾರಾಗಿಲ್ಲ ಎಂದು ಹೇಳುವ ಅಧಿಕಾರ ಅವನಿಗೂ ಸಿಕ್ಕರೆ ಆಟವೇನೂ ಕೆಡುವುದಿಲ್ಲ.